ನನ್ನ ಸಹಿಯ ಮೇಲೆ ಬರೆದದ್ದು

ನಾನು ಸಂಘದ ಪರ ಇದ್ದವಳಲ್ಲ. ವಿರೋಧಿಯೂ ಆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಮೇಲೆ ನಡೆದದ್ದನ್ನು ಕೇಳಿದವರೆಲ್ಲ ನಾನು ಮೊದಲಿನಿಂದಲೂ ಬಾವುಟ ಹಿಡಿದುಕೊಂಡೇ ಓಡಾಡುತ್ತಿದ್ದೆ ಅಂದುಕೊಳ್ಳುತ್ತಾರೆ. ಹಾಗೇನೂ ಇರಲಿಲ್ಲ. ಮೂರು ತಿಂಗಳು ನಾನು ಯಾವ ಕಡೆಯೆಂದೂ ಹೇಳದೆ ಯೋಚನೆ ಮಾಡುತ್ತಿದ್ದೆ. ಅಷ್ಟರಲ್ಲಿ ಬೇರೆ ಯಾರೋ ನನ್ನ ಪರವಾಗಿ ತೀರ್ಮಾನ ಮಾಡಿ, ಅದನ್ನು ಟೈಪು ಮಾಡಿಸಿ, ಕೆಳಗೆ ನನ್ನ ಸಹಿಯನ್ನೂ ಇಟ್ಟುಕೊಂಡಿದ್ದರು.

ನಮ್ಮ ಮನೆ ಬಸವಕಲ್ಯಾಣದಲ್ಲಿ, ಕೋಟೆ ಕಡೆಯ ಓಣಿಯಲ್ಲಿ. ಗಂಡನದು ಪಂಪಿನ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಮನೆಯಲ್ಲಿ ಅತ್ತೆ ಮತ್ತು ಇಬ್ಬರು ಹೆಣ್ಣುಮಕ್ಕಳು. ನನ್ನ ಕೆಲಸ ಹುಮನಾಬಾದಿನ ಹೊರಗೆ, ಹೆದ್ದಾರಿ ಬದಿಯ ಒಂದು ಔಷಧಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ. ಬೆಳಿಗ್ಗೆ ಕಂಪನಿಯ ಬಸ್ಸು ಬರುತ್ತದೆ. ಬಂಗ್ಲಾ ಕ್ರಾಸಿನಲ್ಲಿ ಇನ್ನಷ್ಟು ಹೆಂಗಸರನ್ನು ಹತ್ತಿಸಿಕೊಂಡು ಹೆದ್ದಾರಿಗೆ ಬೀಳುತ್ತದೆ. ಒಳಗೆ ಹೋದ ಮೇಲೆ ಬಿಳಿ ಅಂಗಿ, ತಲೆಗೆ ಟೊಪ್ಪಿಗೆ, ಬಾಯಿಗೆ ಮಾಸ್ಕು. ಕಣ್ಣು ಬಿಟ್ಟರೆ ಮತ್ತೇನೂ ಕಾಣುವುದಿಲ್ಲ. ನಾವು ಒಬ್ಬರನ್ನೊಬ್ಬರು ಕಣ್ಣಿನಿಂದಲೇ ಗುರುತು ಹಿಡಿಯುತ್ತಿದ್ದೆವು.

ನನ್ನ ಎದುರಿಗೆ ನಾಲ್ಕು ವರ್ಷ ಕುಳಿತವಳು ಹಳ್ಳಿಖೇಡದ ಹುಡುಗಿ. ಹುಡುಗಿ ಎಂದರೆ ಮದುವೆಯಾಗಿ, ಗಂಡ ಬಿಟ್ಟುಹೋಗಿ, ತಾಯಿಯ ಮನೆಗೆ ಮರಳಿದವಳು. ಮಾತು ಕಡಿಮೆ. ಮಾಸ್ಕಿನ ಹಿಂದೆ ನಗುತ್ತಿದ್ದಾಳೆಂದು ಕಣ್ಣಿನ ಮೂಲೆಯಲ್ಲಿ ಗೊತ್ತಾಗುತ್ತಿತ್ತು. ಮಳೆಗಾಲದಲ್ಲಿ ಅವಳಿಗೆ ಕಾಮಾಲೆಯಾಯಿತು. ಮೊದಲು ಕಣ್ಣು ಹಳದಿಯಾದದ್ದನ್ನು ಕಂಡವಳು ನಾನೇ. ರಜೆ ಹಾಕಿ ಮನೆಗೆ ಹೋದಳು. ಒಂಬತ್ತನೇ ದಿನ ಸತ್ತಳೆಂದು ಸುದ್ದಿ ಬಂತು.

ಸುದ್ದಿ ಬಂದಾಗ ನಾವು ಪ್ಯಾಕಿಂಗ್ ಲೈನಿನ ಮೇಲಿದ್ದೆವು. ಮಣ್ಣಿಗೆ ಹೋಗಿಬರಲು ಅರ್ಧ ದಿನದ ಸೂಟಿ ಕೇಳಿದೆವು. ನೌಕರರ ವಿಷಯ ನೋಡಿಕೊಳ್ಳುವ ಒಬ್ಬ ಅಧಿಕಾರಿ ಇದ್ದರು, ನಾವು ಅವರನ್ನು ಆಫೀಸ್ ಸಾಹೇಬರು ಅನ್ನುತ್ತಿದ್ದೆವು. ಅವರು ಕೆಳಗೆ ಬಂದು, ಲೈನು ನಿಲ್ಲಿಸಲು ಆಗುವುದಿಲ್ಲ, ಭಾನುವಾರ ಹೋಗಿ ಮಾತಾಡಿಸಿಕೊಂಡು ಬನ್ನಿ ಅಂದರು. ನಾವು ತಲೆ ತಗ್ಗಿಸಿ ಗುಳಿಗೆಯ ಪಟ್ಟಿಗಳನ್ನು ಡಬ್ಬಿಗೆ ತುಂಬುತ್ತ ಕುಳಿತೆವು. ಒಬ್ಬರು ಮಾತ್ರ ಎದ್ದು ಟೊಪ್ಪಿಗೆ ತೆಗೆದಿಟ್ಟು ಹೊರಗೆ ನಡೆದರು. ಆಕೆ ಚಿಟಗುಪ್ಪದವರು, ನಮಗೆಲ್ಲ ಹಿರಿಯರು. ಎಲ್ಲರೂ ಅಕ್ಕ ಅನ್ನುತ್ತಿದ್ದೆವು. ಮರುದಿನ ಅಕ್ಕನ ಕೈಗೆ ಮೆಮೊ ಬಂತು.

ಸಂಘದ ಮಾತು ಶುರುವಾದದ್ದು ಅಲ್ಲಿಂದ. ಅಕ್ಕ ಭಾಷಣ ಮಾಡುವವರಲ್ಲ. ಊಟದ ಹೊತ್ತಿನಲ್ಲಿ ರೊಟ್ಟಿ ಬಿಚ್ಚಿಕೊಂಡು ಒಬ್ಬೊಬ್ಬರ ಪಕ್ಕ ಕೂರುತ್ತಿದ್ದರು. ಒಂದು ಸಂಜೆ ಹುಮನಾಬಾದ್ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾದಂಗಡಿಯಲ್ಲಿ ನನ್ನನ್ನು ಕೂರಿಸಿಕೊಂಡರು.

"ನೋಡ್ ತಂಗಿ, ಸಂಘ ಕಟ್ಟೋದು ಕಾಯ್ದೆದಾಗ ಅದ. ಸೇರು ಅಂತ ನಾ ಅನ್ನಂಗಿಲ್ಲ. ವಿಚಾರ ಮಾಡು. ಬ್ಯಾಡ ಅನಿಸಿದ್ರ ಬ್ಯಾಡ ಅನ್ನು. ನಾಳಿನೂ ಇಲ್ಲೇ ಕುಂತು ಚಾ ಕುಡಿಯೂಣು."

"ಕಾರ್ಖಾನೆ ಬಂದ್ ಮಾಡ್ತಾರ ಅಂತ ಸೂಪರ್‌ವೈಸರ್ ಅನ್ನಾಕತ್ತಾರ್ರಿ ಅಕ್ಕ."

"ಅನ್ತಾರ. ಅದನ್ನೂ ವಿಚಾರ ಮಾಡು. ಅಂವ ಹೇಳಿದ್ದೂ ಕೇಳು, ನಾ ಹೇಳಿದ್ದೂ ಕೇಳು."

ನನಗೆ ನಿಜವಾಗಿಯೂ ಅನುಮಾನಗಳಿದ್ದವು. ಪಕ್ಕದ ಒಂದು ಕಾರ್ಖಾನೆಯಲ್ಲಿ ಹಿಂದೆ ಸಂಘ ಆಗಿ, ಅದರ ಮುಖಂಡ ಮಾಲೀಕರ ಜೊತೆ ಸೇರಿಕೊಂಡ ಎಂದು ಕೇಳಿದ್ದೆ. ಸೇರಿದರೆ ಕೆಲಸ ಹೋದೀತೆಂಬ ಹೆದರಿಕೆಯೂ ಇತ್ತು, ಸೇರದಿದ್ದರೆ ಅಕ್ಕನ ಮುಖ ನೋಡುವುದು ಹೇಗೆ ಎಂಬ ಸಂಕೋಚವೂ ಇತ್ತು. ವಿಚಾರ ಮಾಡುತ್ತೇನೆ ಎಂದು ಹೇಳಿ ಬಸ್ಸು ಹತ್ತಿದೆ. ಅಕ್ಕ ಮತ್ತೆ ಆ ವಿಷಯ ಎತ್ತಲಿಲ್ಲ.

ಮೂರು ದಿನ ಬಿಟ್ಟು ಆಫೀಸಿಗೆ ನನ್ನ ಕರೆ ಬಂತು. ಎಂಟು ವರ್ಷದಲ್ಲಿ ನಾನು ಆ ಕೋಣೆಗೆ ಹೋದದ್ದು ಎರಡೇ ಸಲ. ಸಾಹೇಬರು ಕುರ್ಚಿ ತೋರಿಸಿ ಕೂರಲು ಹೇಳಿದರು. ಮಕ್ಕಳು ಯಾವ ಶಾಲೆ ಎಂದು ಕೇಳಿದರು. ಆಮೇಲೆ ತಮ್ಮ ಮೊಬೈಲನ್ನು ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿ ಇಟ್ಟರು. ಅದರಲ್ಲಿ ನಾನಿದ್ದೆ. ಚಹಾದಂಗಡಿಯ ಬೆಂಚಿನ ಮೇಲೆ, ಕೈಯಲ್ಲಿ ಗ್ಲಾಸು ಹಿಡಿದು, ಅಕ್ಕನ ಕಡೆ ಬಾಗಿ ಕುಳಿತಿದ್ದೆ. ನನ್ನ ಸೆರಗು ಜಾರಿದ್ದು ಕೂಡ ಆ ಫೋಟೋದಲ್ಲಿ ಕಾಣುತ್ತಿತ್ತು.

"ಏನ್ ಮಾತಾಡಿದ್ರಿ ಇಬ್ಬರೂ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಯಾರು ತೆಗೆದದ್ದು? ಎಲ್ಲಿ ನಿಂತಿದ್ದರು? "ಮನಿ ಮಾತ್ರಿ ಸಾಹೇಬ್ರ" ಅಂದೆ. ಅವರು ತಲೆಯಾಡಿಸಿದರು. "ಒಳ್ಳೇ ಕೆಲಸಗಾರ್ತಿ ನೀವು. ಯಾರ್ಯಾರ ಮಾತೋ ಕೇಳಿ ಹಾಳಾಗಬ್ಯಾಡ್ರಿ" ಎಂದು ಹೇಳಿ ಕಳಿಸಿದರು.

ಅಂದು ಬಸ್ಸಿನಲ್ಲಿ ಯಾರಾದರೂ ಮೊಬೈಲು ಎತ್ತಿದರೆ ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಫೋಟೋ ತೆಗೆದವರು ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಮನೆಗೆ ಬಂದರೆ ಇನ್ನೊಂದು ಕಾದಿತ್ತು. ಅತ್ತೆ ಕಟ್ಟೆಯ ಮೇಲೆ ಕುಳಿತಿದ್ದರು. ಮೊಣಕಾಲ ಮೇಲೆ ಮಿಠಾಯಿಯ ಡಬ್ಬಿ. ನನ್ನತ್ತೆ ಮುಡಬಿಯವರು, ಹೊಲದ ಕೂಲಿ ಮಾಡಿ ಮಗನನ್ನು ಬೆಳೆಸಿದವರು. ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಯಾರ ಜೊತೆಗೂ ಮಾತಾಡುವವರಲ್ಲ, ಸಂಜೆ ಮಾತ್ರ ಸುಮ್ಮನಿರುವವರಲ್ಲ. ಅವತ್ತು ಸುಮ್ಮನಿದ್ದರು.

"ನಿನ್ನ ಕಂಪನಿಯವ್ರು ಬಂದಿದ್ರು" ಅಂದರು. "ಇಬ್ಬರು. ಸೊಸಿಗಿ ಬುದ್ಧಿ ಹೇಳ್ರಿ, ಕೆಟ್ಟವ್ರ ಸಂಗಟ ಅಡ್ಡಾಡಾಕತ್ತಾಳ ಅಂದ್ರು. ಏನ್ ಮಾಡಿದಿ?"

"ಚಾ ಕುಡದೀನ್ರಿ ಅತ್ತಿ. ಅಷ್ಟೇ."

ಅವರು ಡಬ್ಬಿಯನ್ನು ತೆರೆಯದೆ ಪಕ್ಕಕ್ಕೆ ಇಟ್ಟರು. "ಭಾಳ ನಯವಾಗಿ ಮಾತಾಡಿದ್ರು. ಅದಕ್ಕ ಅಂಜಿಕಿ ಆಯ್ತು ನನಗ. ಹೊಲದ ಗೌಡ ಬೈತಿದ್ದ, ಅಲ್ಲೇ ಮುಗೀತಿತ್ತು. ಇವ್ರು ಬೈಲಿಲ್ಲ, ಮನೀತನಕ ಬಂದ್ರು."

ಗಂಡ ಅಂಗಡಿಯಿಂದ ಬಂದ ಮೇಲೆ ಅವನಿಗೂ ಹೇಳಿದೆವು. ಅವನು ಮಿಠಾಯಿ ನಾಳೆ ವಾಪಸ್ ಕೊಟ್ಟುಬಿಡು ಅಂದ. ಕೊಡುವ ಧೈರ್ಯ ನನಗಾಗಲಿಲ್ಲ. ಡಬ್ಬಿ ಹಾಗೇ ಇತ್ತು. ಕೊನೆಗೆ ಇರುವೆ ಹತ್ತಿ ಹೊರಗೆ ಚೆಲ್ಲಿದೆವು.

ಸಂಕ್ರಮಣ ಮುಗಿದ ವಾರ ಅಕ್ಕನನ್ನು ಕೆಲಸದಿಂದ ಅಮಾನತು ಮಾಡಿದರು. ಕಾರಣ ಏನೆಂದು ನಮಗೆ ಯಾರೂ ಹೇಳಲಿಲ್ಲ. ಅಕ್ಕ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟರಂತೆ ಎಂದು ಮಾತ್ರ ಕಿವಿಗೆ ಬಿತ್ತು. ನಾನು ಒಂದು ಫೋನು ಕೂಡ ಮಾಡಲಿಲ್ಲ. ಮಾಡಿದರೆ ಆಫೀಸಿಗೆ ತಿಳಿಯುತ್ತದೆ ಎಂದು ನಂಬಿದ್ದೆ. ಗೋಡೆಗಳಿಗೂ ಮೊಬೈಲು ಇದೆಯೆಂಬ ಹಾಗೆ ಬದುಕುತ್ತಿದ್ದೆ.

ಒಂದು ಬೆಳಿಗ್ಗೆ ಪ್ಯಾಕಿಂಗ್‌ನಿಂದ ಎಂಟು ಜನ ಹೆಂಗಸರನ್ನು ಲೈನಿನಿಂದ ಎಬ್ಬಿಸಿ ಕಂಪನಿಯ ಜೀಪಿಗೆ ಹತ್ತಿಸಿದರು. ಅದರಲ್ಲಿ ನಾನೂ ಒಬ್ಬಳು. ಆಫೀಸ್ ಸಾಹೇಬರು ಮುಂದೆ ಕುಳಿತಿದ್ದರು. ಹಿಂದೆ ತಿರುಗಿ ಹೇಳಿದರು: "ಒಬ್ಬರು ಅಧಿಕಾರಿ ಕಾಗದ ತೋರಿಸ್ತಾರ. ಸಹಿ ನಿಮ್ದಾ ಅಂತ ಕೇಳ್ತಾರ. ಹೌದು ಅನ್ರಿ. ಬ್ಯಾರೆ ಏನೂ ಮಾತಾಡಬ್ಯಾಡ್ರಿ. ಹತ್ತು ನಿಮಿಷದ ಕೆಲಸ."

ಯಾವ ಕಾಗದ ಎಂದು ಎಂಟು ಜನರಲ್ಲಿ ಒಬ್ಬರೂ ಕೇಳಲಿಲ್ಲ.

ಹುಮನಾಬಾದಿನ ಒಂದು ಸರ್ಕಾರಿ ಕಟ್ಟಡದ ಕೋಣೆಯಲ್ಲಿ ವಿಚಾರಣೆ. ಮೇಜಿನ ಹಿಂದೆ ಕಾರ್ಮಿಕ ಅಧಿಕಾರಿ, ಕನ್ನಡಕ ಹಾಕಿದ ಮಧ್ಯವಯಸ್ಸಿನವರು. ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತೆ. ಒಂದು ಬದಿಗೆ ಆಫೀಸ್ ಸಾಹೇಬರು, ಇನ್ನೊಂದು ಬದಿಗೆ ಅಕ್ಕ, ಒಬ್ಬರೇ. ನಾನು ಅಕ್ಕನನ್ನು ನೋಡಿ ಐದು ವಾರವಾಗಿತ್ತು. ನಮ್ಮನ್ನು ಕಂಡು ಅವರ ಮುಖ ಅರಳಿತು. ತಮ್ಮ ಪರ ಮಾತಾಡಲು ಬಂದಿದ್ದೇವೆ ಅಂದುಕೊಂಡಿರಬೇಕು.

ಅಧಿಕಾರಿ ಕಟ್ಟಿನಿಂದ ಮೊದಲ ಹಾಳೆ ತೆಗೆದು ನನ್ನ ಹೆಸರು ಕರೆದರು. ನಾನು ಎದ್ದು ನಿಂತೆ. ಅವರು ಓದಿದರು.

ನಾನು ಈ ಕಾರ್ಖಾನೆಯ ಕೆಲಸಗಾರ್ತಿ. ನನಗೆ ಯಾವ ಸಂಘವೂ ಬೇಡ. ಇದನ್ನು ಸ್ವಂತ ಇಚ್ಛೆಯಿಂದ ಬರೆದುಕೊಡುತ್ತಿದ್ದೇನೆ. ಇಂಥ ಹೆಸರಿನ ಕೆಲಸಗಾರ್ತಿ ಶೌಚಾಲಯದ ಹತ್ತಿರ ನನ್ನನ್ನು ಅಡ್ಡಗಟ್ಟಿ, ಸಂಘಕ್ಕೆ ಸೇರದಿದ್ದರೆ ಊರಿನಲ್ಲಿ ತಿರುಗಾಡದ ಹಾಗೆ ಮಾಡುತ್ತೇನೆಂದು ಬೆದರಿಸಿದ್ದಾಳೆ. ಆಕೆಯಿಂದ ನನಗೂ ನನ್ನ ಮಕ್ಕಳಿಗೂ ಜೀವಭಯವಿದೆ.

ಇಂಥ ಹೆಸರು ಅಂದರೆ ಅಕ್ಕನ ಹೆಸರು.

ಯಾರದೋ ಮನೆಯ ಜಗಳವನ್ನು ಓದುತ್ತಿದ್ದಾರೆ ಅನ್ನಿಸಿತು ಮೊದಲು. ನನ್ನ ಮಕ್ಕಳು ಎಂಬ ಮಾತು ಬಂದಾಗ ಅದು ನಾನೇ ಎಂದು ತಿಳಿಯಿತು. ಅಧಿಕಾರಿ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಕೆಳಗೆ ನೀಲಿ ಶಾಯಿಯಲ್ಲಿ ಕನ್ನಡದಲ್ಲಿ ನನ್ನ ಸಹಿ. ನನ್ನದೇ. ಕೊನೆಯ ಅಕ್ಷರದ ಬಾಲ ಎಳೆದದ್ದು ಕೂಡ ನಾನೇ. ಆದರೆ ಬ್ಯಾಂಕಿನಲ್ಲಿ ಖಾತೆ ತೆರೆದಾಗಿನಿಂದ ನಾನು ಇಂಗ್ಲಿಷ್ ಅಕ್ಷರದಲ್ಲಿ ಸಹಿ ಮಾಡುತ್ತೇನೆ, ಆರು ವರ್ಷವಾಯಿತು. ಹಾಳೆಯ ಮೇಲಿನ ತಾರೀಖು ಹೋದ ತಿಂಗಳಿನದು.

ಆಗ ನೆನಪಾಯಿತು. ಕೆಲಸಕ್ಕೆ ಸೇರಿದ ದಿನ ಕಾಗದಗಳ ದೊಡ್ಡ ಕಟ್ಟು ಕೊಟ್ಟಿದ್ದರು. ಪಿಎಫ್‌ದು, ಬಟ್ಟೆದು, ಗುರುತಿನ ಚೀಟಿದು. ನಡುವೆ ನಾಲ್ಕೈದು ಖಾಲಿ ಹಾಳೆಗಳು. ಇದಕ್ಕೂ ಮಾಡಮ್ಮ, ಮುಂದೆ ಬೇಕಾಗುತ್ತದೆ ಅಂದಿದ್ದರು. ಕೆಲಸ ಸಿಕ್ಕ ಖುಷಿಯಲ್ಲಿ ಮಾಡಿಕೊಟ್ಟಿದ್ದೆ.

"ಸಹಿ ನಿಮ್ಮದೇನ್ರಿ?" ಅಧಿಕಾರಿ ಕೇಳಿದರು.

ಆಫೀಸ್ ಸಾಹೇಬರು ನನ್ನನ್ನು ನೋಡುತ್ತಿರಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದರು. ಅಕ್ಕ ನನ್ನನ್ನೇ ನೋಡುತ್ತಿದ್ದರು.

"ಹೌದ್ರಿ" ಅಂದೆ. "ಸಹಿ ನಂದೇ ಅದರಿ."

ಅಷ್ಟು ಹೇಳಿ ಕುಳಿತುಬಿಟ್ಟೆ. ಇದನ್ನು ನಾನು ಮುಚ್ಚಿಡಲು ಹೋಗುವುದಿಲ್ಲ. ಸುಳ್ಳೇನೂ ಹೇಳಿರಲಿಲ್ಲ, ಆದರೆ ಕುಳಿತದ್ದು ಸುಳ್ಳಿಗಿಂತ ದೊಡ್ಡದು. ಅಕ್ಕನ ಮುಖದಲ್ಲಿ ಕೋಪ ಬರಲಿಲ್ಲ. ಬಸ್ಸಿನಲ್ಲಿ ಪರಿಚಯದವರೆಂದು ಕರೆದು, ಅಲ್ಲವೆಂದು ತಿಳಿದಾಗ ನೋಡುವ ಹಾಗೆ ಒಂದು ಸಲ ನೋಡಿ ಮುಖ ತಿರುಗಿಸಿಕೊಂಡರು.

ನನ್ನ ನಂತರ ಇಬ್ಬರು ಎದ್ದರು. ಅವರ ಹಾಳೆಯಲ್ಲೂ ಅದೇ ಶೌಚಾಲಯ, ಅದೇ ಜೀವಭಯ. ಅವರೂ ಹೌದು ಅಂದರು. ಒಬ್ಬಳು ಅಳುತ್ತಿದ್ದಳು. ಅಧಿಕಾರಿ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಉಳಿದ ಕಟ್ಟನ್ನು ಕೈಗೆತ್ತಿಕೊಂಡು ಬರೀ ಹೆಸರುಗಳನ್ನು ಓದುತ್ತ ಹೋದರು. ಬಂದವರು ಕೈ ಎತ್ತಬೇಕು, ಬಾರದವರ ಮುಂದೆ ಗುಮಾಸ್ತೆ ಗೆರೆ ಎಳೆಯಬೇಕು. ಒಂದು ಹೆಸರು, ಇನ್ನೊಂದು ಹೆಸರು. ಆಮೇಲೆ ಅವರು ಹಳ್ಳಿಖೇಡದ ಆ ಹುಡುಗಿಯ ಹೆಸರು ಓದಿದರು.

ನಾವು ಎಂಟು ಜನ ಒಟ್ಟಿಗೆ ತಲೆ ಎತ್ತಿದೆವು. ಅಳುತ್ತಿದ್ದವಳು ಅಳು ನಿಲ್ಲಿಸಿದಳು.

"ಬಂದಾರೇನು?" ಎಂದರು ಅಧಿಕಾರಿ.

ಆಫೀಸ್ ಸಾಹೇಬರು ಕಿಟಕಿಯಿಂದ ಈ ಕಡೆ ತಿರುಗಿ, ಬಹಳ ಸಹಜವಾಗಿ ಹೇಳಿದರು: "ಇಲ್ಲ ಸರ್. ಇವತ್ತು ರಜೆ ಮೇಲಿದ್ದಾರೆ."

ಅವಳ ಮಣ್ಣಿಗೆ ಹೋಗಲು ನಮಗೆ ಅರ್ಧ ದಿನ ಕೊಡದೆ ಇದ್ದವರು ಅವರೇ. ಅವಳು ಸತ್ತು ಏಳು ತಿಂಗಳಾಗಿತ್ತು. ಅವರಿಗೆ ಹೆಸರು ನೆನಪೇ ಇರಲಿಲ್ಲ. ಹಳೆಯ ಖಾಲಿ ಹಾಳೆಗಳ ಕಟ್ಟನ್ನು ಯಾರ ಕೈಗೋ ಕೊಟ್ಟು, ಎಲ್ಲಕ್ಕೂ ಟೈಪು ಮಾಡಿಸು ಅಂದಿರಬೇಕು. ಸತ್ತವಳು ಕೂಡ ಹೋದ ತಿಂಗಳು ಬಂದು, ತನಗೆ ಸಂಘ ಬೇಡ, ಜೀವಭಯವಿದೆ ಎಂದು ಬರೆದುಕೊಟ್ಟಿದ್ದಳು.

ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ತಿಳಿಯದು. ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿದ್ದೆ.

"ಅಕಿ ಸತ್ತಾಳ್ರಿ ಸಾಹೇಬ್ರ" ಅಂದೆ.

ಅಧಿಕಾರಿ ಕನ್ನಡಕ ತೆಗೆದರು. "ಏನಂದ್ರಿ?"

"ಮಳಿಗಾಲದಾಗ ಸತ್ತಾಳ್ರಿ. ನನ್ನ ಎದುರಿಗೇ ಕೂಡ್ತಿದ್ಲು. ಹೋದ ತಿಂಗಳ ಅಕಿ ಹ್ಯಾಂಗ ಬರದಾಳ್ರಿ?" ನನ್ನ ಹಾಳೆಯ ಕಡೆ ಕೈ ತೋರಿಸಿದೆ. "ನಂದೂ ನಾ ಬರದಿಲ್ರಿ. ಸಹಿ ನಂದು, ಮಾತು ನಂದಲ್ಲ. ನೌಕರಿಗಿ ಸೇರೋವಾಗ ಖಾಲಿ ಹಾಳಿ ಮ್ಯಾಲ ಮಾಡಿಸಿಕೊಂಡಿದ್ರು. ಅಕ್ಕ ನನಗ ಒಂದ್ ದಿನಾನೂ ಅಂಜಿಸಿಲ್ರಿ. ವಿಚಾರ ಮಾಡು ಅಂದಾರ, ಅಷ್ಟೇ."

ಆಮೇಲೆ ಅಳುತ್ತಿದ್ದವಳು ಕುಳಿತಲ್ಲಿಂದಲೇ, "ನಂದೂ ಅಲ್ರಿ" ಅಂದಳು. ಉಳಿದ ಆರು ಜನರಲ್ಲಿ ಯಾರೂ ಬಾಯಿ ಬಿಡಲಿಲ್ಲ. ಆಫೀಸ್ ಸಾಹೇಬರು ಏನೋ ತಪ್ಪಾಗಿದೆ, ನಮ್ಮ ಆಫೀಸಿನ ಗುಮಾಸ್ತರ ತಪ್ಪು ಎಂದು ಶುರುಮಾಡಿದರು. ಅಧಿಕಾರಿ ಕೈ ಎತ್ತಿ ಸುಮ್ಮನಿರಿಸಿದರು.

ನನಗೆ ಒಂದು ಬಿಳಿ ಹಾಳೆ ಕೊಟ್ಟು, ಈಗ ಹೇಳಿದ್ದನ್ನು ನಿಮ್ಮ ಕೈಯಿಂದಲೇ ಬರೆಯಿರಿ ಅಂದರು. ಖಾಲಿ ಹಾಳೆ ಕಂಡು ಕೈ ಹಿಂದಕ್ಕೆ ಬಂತು. ಅದು ಅವರಿಗೆ ಅರ್ಥವಾಗಿರಬೇಕು. "ಬರೆದಾದ ಮೇಲೆ ಕೊನೇ ಸಾಲಿನ ಬೆನ್ನಿಗೇ ಸಹಿ ಮಾಡ್ರಿ. ಕೆಳಗ ಜಾಗ ಉಳಿದ್ರ ಅಡ್ಡಗೆರಿ ಎಳೀರಿ. ಯಾರೂ ಏನೂ ಸೇರಿಸಬಾರದು" ಅಂದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಸಂಘ ಸೇರೋದು, ಬಿಡೋದು ನಿಮಗ ಬಿಟ್ಟದ್ದು. ಸೇರಿದ್ರ ನೌಕರಿ ತೆಗಿತೀವಿ ಅಂತ ಮಾಲಕರು ಅಂಜಿಸೋ ಹಂಗಿಲ್ಲ. ಸೇರಲೇಬೇಕು ಅಂತ ಸಂಘದವ್ರೂ ಜಬರ್ದಸ್ತಿ ಮಾಡೋ ಹಂಗಿಲ್ಲ. ಬ್ಯಾಡ ಅನ್ನೋರು ಬ್ಯಾಡ ಅಂತ ಹೇಳಬಹುದು, ಆದ್ರ ಅವ್ರೇ ಹೇಳಬೇಕು."

ನಾನು ಒಂದೂವರೆ ಪುಟ ಬರೆದೆ. ಶಾಲೆ ಬಿಟ್ಟ ಮೇಲೆ ಅಷ್ಟು ಉದ್ದ ಬರೆದದ್ದು ಅದೇ ಮೊದಲು.

ಹೊರಗೆ ಬಂದಾಗ ಜೀಪು ಇರಲಿಲ್ಲ. ಉಳಿದವರನ್ನು ಕರೆದುಕೊಂಡು ಹೋಗಿತ್ತು. ಅಕ್ಕನೂ ನಾನೂ ಬಸ್‌ಸ್ಟ್ಯಾಂಡಿನ ತನಕ ನಡೆದೆವು. ಬಿಸಿಲು ನೆತ್ತಿಗೆ ಬಡಿಯುತ್ತಿತ್ತು. ಚಿಟಗುಪ್ಪದ ಬಸ್ಸು ನಿಂತಿತ್ತು, ಅಕ್ಕ ಹತ್ತಲಿಲ್ಲ.

"ಮೊದಲು ಹೌದು ಅಂದಿ" ಅಂದರು.

"ಹೌದ್ರಿ ಅಕ್ಕ."

"ಆವಾಗ ನನಗ ಕಾಲಾಗಿನ ಬಲ ಹೋಯ್ತು ತಂಗಿ. ಕೆಲಸ ಹೋದಾಗ ಹಂಗ ಆಗಿಲ್ಲ." ನನ್ನ ಕಡೆ ತಿರುಗಿ, "ಆಮ್ಯಾಲ ಎದ್ದಿ. ಎರಡೂ ನಾ ನೆನಪಿಡ್ತೀನಿ" ಅಂದರು.

ಸಮಾಧಾನದ ಮಾತು ಹೇಳಿದ್ದರೆ ನಾನು ಅಲ್ಲೇ ಅಳುತ್ತಿದ್ದೆನೇನೋ. ಅವರು ಹೇಳಲಿಲ್ಲ. ಅದೇ ಸರಿ ಅನ್ನಿಸುತ್ತದೆ ಈಗ.

ವಿಚಾರಣೆಯ ಕಾಗದಗಳ ಪ್ರತಿ ಅಕ್ಕನಿಗೆ ಸಿಕ್ಕಿತು. ಒಂದು ಭಾನುವಾರ ನಾವಿಬ್ಬರೂ ಹಳ್ಳಿಖೇಡಕ್ಕೆ ಹೋದೆವು. ಮಗಳ ಹೆಸರಿನಲ್ಲಿ ಹೀಗೆ ಮಾಡಿದ್ದಾರೆಂದು ಆ ತಾಯಿಗೆ ಬೇರೆಯವರ ಬಾಯಿಂದ ತಿಳಿಯಬಾರದು ಎಂದು ಅಕ್ಕನ ಮನಸ್ಸು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು, ಬಸ್ಸು ಅವುಗಳ ಹಿಂದೆ ತೆವಳಿತು. ತಾಯಿ ನಮ್ಮನ್ನು ಚಾಪೆಯ ಮೇಲೆ ಕೂರಿಸಿ ನೀರು ಕೊಟ್ಟು, ಹೇಳಿದ್ದನ್ನೆಲ್ಲ ಕೇಳಿದರು. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ.

"ಅಕಿ ಸಹಿ ಅದಾ ಇದರಾಗ? ಎಲ್ಲದ, ತೋರ್ಸವ್ವ."

ಅವರಿಗೆ ಓದು ಬರುವುದಿಲ್ಲ. ನಾನು ಬೆರಳಿಟ್ಟು ತೋರಿಸಿದೆ. ಅವರು ಅದರ ಮೇಲೆ ತಮ್ಮ ಬೆರಳು ಇಟ್ಟು, ನಿಧಾನವಾಗಿ ಎಳೆದರು.

"ಅಕಿ ಬರದದ್ದು ಮನ್ಯಾಗ ಏನೂ ಉಳದಿಲ್ಲವ್ವ. ಬಟ್ಟಿ ಅವ, ಫೋಟೋ ಅದ. ಬರದದ್ದಿಲ್ಲ. ಇದು ನನಗ ಕೊಡ್ತೀರೇನು?"

ಅಷ್ಟು ಸುಳ್ಳು ತುಂಬಿದ ಹಾಳೆ ಅದು. ಅಕ್ಕ ಮೇಲೆ ಬರೆದದ್ದೆಲ್ಲ ಸುಳ್ಳೆಂದು ಮತ್ತೊಮ್ಮೆ ಹೇಳಿದರು. ತಾಯಿ ತಲೆಯಾಡಿಸಿದರು, ಆದರೆ ಹಾಳೆಯನ್ನು ಬಿಡಲಿಲ್ಲ. ಅಕ್ಕ ಬೇರೆ ಪ್ರತಿ ಮಾಡಿಸಿಕೊಳ್ಳುತ್ತೇನೆಂದು ಅದನ್ನು ಅಲ್ಲೇ ಬಿಟ್ಟು ಬಂದರು.

ನಾಲ್ಕು ತಿಂಗಳ ನಂತರ ಅಕ್ಕನನ್ನು ಕೆಲಸಕ್ಕೆ ವಾಪಸ್ ತೆಗೆದುಕೊಂಡರು, ಪ್ಯಾಕಿಂಗ್ ಬಿಟ್ಟು ಬಾಟಲಿ ತೊಳೆಯುವ ಶೆಡ್ಡಿಗೆ. ಆಫೀಸ್ ಸಾಹೇಬರು ಬೇರೆ ಊರಿನ ಘಟಕಕ್ಕೆ ಹೋದರು. ಅವರಿಗೆ ಶಿಕ್ಷೆಯಾಯಿತೋ, ಬಡ್ತಿ ಸಿಕ್ಕಿತೋ ನಮಗೆ ಯಾರೂ ಹೇಳಲಿಲ್ಲ. ನನ್ನನ್ನು ಎರಡು ವಾರ ಗೋದಾಮಿಗೆ ಹಾಕಿ ಮತ್ತೆ ಲೈನಿಗೆ ಕರೆದರು. ಸಂಘ ನೋಂದಣಿಯಾಯಿತು. ಅಕ್ಕ ನನಗೆ ಸೇರುವ ಅರ್ಜಿ ಕೊಡಲಿಲ್ಲ. ಕೊಡುತ್ತಾರೆಂದು ವಾರ ಕಾದು, ನಾನೇ ಶೆಡ್ಡಿಗೆ ಹೋಗಿ ಕೇಳಿದೆ.

"ವಿಚಾರ ಮಾಡಿದಿ?"

"ಮಾಡೀನ್ರಿ."

ಅರ್ಜಿಯನ್ನು ನಿಂತಲ್ಲೇ ಮೂರು ಸಲ ಓದಿದೆ, ಹಿಂಬದಿಯನ್ನೂ ತಿರುಗಿಸಿ ನೋಡಿದೆ. ಅಕ್ಕ ಒದ್ದೆ ಕೈಗಳನ್ನು ಸೀರೆಗೆ ಒರೆಸಿಕೊಳ್ಳುತ್ತ ಕಾದರು. ಆಮೇಲೆ ಸಹಿ ಮಾಡಿದೆ.

ವಿಚಾರಣೆಯ ದಿನ ಅಳುತ್ತಿದ್ದವಳು ನಮ್ಮ ಬಸವಕಲ್ಯಾಣದವಳೇ, ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಾಳೆ. ಅವಳು ಸೇರಲಿಲ್ಲ. ಒಂದು ಬೆಳಿಗ್ಗೆ ಬಂಗ್ಲಾ ಕ್ರಾಸು ದಾಟುವಾಗ ತಾನಾಗಿಯೇ ಹೇಳಿದಳು: "ನನಗ ಬ್ಯಾಡ ಅನಸ್ತದ. ಮನ್ಯಾಗ ನಾ ಒಬ್ಬಾಕಿನೇ ದುಡಿಯಾಕಿ."

"ಆಯ್ತು ಬಿಡು" ಅಂದೆ.

ಇನ್ನೇನಾದರೂ ಹೇಳುತ್ತೇನೆಂದು ಅವಳು ಬಹಳ ಹೊತ್ತು ನನ್ನ ಮುಖ ನೋಡುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಅವಳು ತಲೆಯನ್ನು ಕಿಟಕಿಗೆ ಆನಿಸಿ ನಿದ್ದೆ ಹೋದಳು.